ಆತಗೂರಿನ ಕಲ್ಲೂ ನೂರಿಪ್ಪತ್ತು ವರುಷದ ಆಸೆಯೂ

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಎಡಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕೆಲವು ವಾರ ಗಣಕದ ಮುಂದೆ ಕೂರಲೇಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಆ ದಿನಗಳಲ್ಲಿಯೇ ಮಗಳ ಮಗ ಅಮೆರಿಕದಿಂದ ಬಂದು ಹತ್ತು ದಿನ ನಮ್ಮೊಡನಿದ್ದು ಹೋದನು. ಈ ಬರಹಕ್ಕೆ ಅವನೇ ಕಾರಣ.

ಅವನಿಗೆ ಮೂವತ್ತೆರಡು ವರ್ಷ. ಪ್ರತಿದಿನ ಬೆಳಗ್ಗೆ ಕಾಫಿಗೂ ಮುಂಚೆ ಏಳೆಂಟು ಬಗೆಯ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ನುಂಗುತ್ತಿದ್ದನು. ಹುಡುಗನಿಗೆ ಏನೋ ದೊಡ್ಡ ಕಾಯಿಲೆ ಇದೆ, ನಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ನನ್ನ ಎದೆ ನಡುಗಿತು. ಎರಡು ದಿನ ತಡೆದುಕೊಂಡು ಮೂರನೆಯ ದಿನ ಕೇಳಿಯೇಬಿಟ್ಟೆ. "ಕಾಯಿಲೆ ಏನೂ ಇಲ್ಲ ತಾತ, ವಯಸ್ಸಾಗೋದನ್ನ ನಿಧಾನ ಮಾಡೋಕೆ" ಎಂದನು. ಹೋಗುವಾಗ ನನಗೂ ಒಂದು ಡಬ್ಬಿ ಕೊಟ್ಟು, "ನೀವು ನೂರಿಪ್ಪತ್ತು ವರ್ಷ ಇರಬೇಕು" ಎಂದು ಕಾಲು ಮುಟ್ಟಿ ನಮಸ್ಕರಿಸಿದನು. ಡಬ್ಬಿಯನ್ನು ತಿರುಗಿಸಿ ನೋಡಿದರೆ ಅದರ ಆಯುಸ್ಸು ಎರಡೇ ವರ್ಷವೆಂದು ತಳದಲ್ಲಿ ಮುದ್ರಿಸಿದ್ದರು!

ಅಮೆರಿಕದ ಬ್ರಯಾನ್ ಜಾನ್ಸನ್ ಎಂಬ ಸಿರಿವಂತನ ಕಥೆಯನ್ನೂ ಅವನೇ ಹೇಳಿದನು. ಆತ ಮುಪ್ಪನ್ನು ಹಿಮ್ಮೆಟ್ಟಿಸಲು ವರ್ಷಕ್ಕೆ ಇಪ್ಪತ್ತು ಲಕ್ಷ ಡಾಲರ್ ವೆಚ್ಚಮಾಡುತ್ತಿದ್ದನೆಂದು ಪತ್ರಿಕೆಗಳು ಬರೆದವು. 2023ರಲ್ಲಿ ತನ್ನ ಹದಿಹರೆಯದ ಮಗನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತನ್ನ ಮೈಗೆ ಏರಿಸಿಕೊಂಡು, ಕೆಲವೇ ತಿಂಗಳಲ್ಲಿ ಪ್ರಯೋಜನ ಕಾಣಲಿಲ್ಲವೆಂದು ಅದನ್ನು ನಿಲ್ಲಿಸಿದನಂತೆ. ಕೇಳುತ್ತಿದ್ದಂತೆಯೇ ನನಗೆ ನಗು ಬಂದಿತು. ಮಗನ ಯೌವನವನ್ನು ತಂದೆ ಪಡೆದುಕೊಳ್ಳುವ ಯಯಾತಿಯ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಕಾರ್ನಾಡರು ತಮ್ಮ ಮೊದಲ ನಾಟಕಕ್ಕೆ ಆರಿಸಿಕೊಂಡದ್ದು ಅದನ್ನೇ. ಮೊಮ್ಮಗನಿಗೆ ಮಾತ್ರ ತಿಳಿದಿರಲಿಲ್ಲ. ಅದು ಅವನ ತಪ್ಪಲ್ಲ, ಹೇಳದೇ ಇದ್ದ ನಮ್ಮದು.

ಮೂವತ್ತು ವರ್ಷಗಳಿಗೂ ಮಿಕ್ಕು ಇತಿಹಾಸ ಪಾಠ ಹೇಳಿದವನಿಗೆ ಇಂಥ ಸಂಗತಿ ಕಿವಿಗೆ ಬಿದ್ದರೆ, ಇದಕ್ಕೂ ಹಿಂದೆ ಯಾರು ಇದನ್ನು ಮಾಡಿದ್ದರು ಎಂದು ಹುಡುಕುವ ಚಟ ಬಿಡದು. ಹುಡುಕುತ್ತ ಹುಡುಕುತ್ತ ನಾನು ಬಂದು ನಿಂತದ್ದು ನಮ್ಮೂರಿನ ಕಲ್ಲಿನ ಮುಂದೆಯೇ.

ಆತಗೂರಿನ ಶಾಸನದ ಪಾಠವನ್ನು ನನ್ನಿಂದ ಕೇಳದೆ ತರಗತಿ ದಾಟಿದವರು ನಿಮ್ಮಲ್ಲಿ ಯಾರೂ ಇರಲಾರಿರಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಿಮ್ಮನ್ನು ಪ್ರವಾಸ ಕರೆದೊಯ್ದು ಅದರೆದುರು ನಿಲ್ಲಿಸಿದ್ದಾಗ, "ಸಾರ್, ನಮ್ಮೂರ ಕಲ್ಲು ಇಲ್ಲಿ ಯಾಕಿದೆ?" ಎಂದು ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ, ಉತ್ತರ ಕೊಡಲು ನನಗೆ ಈಗಲೂ ಸಂಕಟವೇ ಎಂದು ತಿಳಿಯಲಿ. ಅದಿರಲಿ. ಕಲ್ಲಿನಲ್ಲಿರುವುದು ಇಷ್ಟು: ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದನು. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೇರನು ಮೆರೆದ ಶೌರ್ಯಕ್ಕೆ ಮೆಚ್ಚಿ, ಬೇಡಿದ್ದನ್ನು ಕೇಳು ಎಂದು ಒಡೆಯನು ಹೇಳಿದಾಗ, ಮಣಲೇರನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಅದಕ್ಕಾಗಿ ಆತಗೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲೆಂದೂ ಅದರಲ್ಲಿ ಬರೆಸಿದ್ದಾರೆ. ಬೇಟೆನಾಯಿ ಮಾಡಿದ ಪಾಪ ಎಷ್ಟೆಂದು ಲೆಕ್ಕ ಹಾಕಿದವರು ಯಾರೋ ಕಾಣೆ!

ಬೇಟೆನಾಯಿಯೊಂದು ಬಹಳವೆಂದರೆ ಹತ್ತು ಹನ್ನೆರಡು ವರ್ಷ ಬದುಕೀತು. ಕಾಳಿ ಅಷ್ಟನ್ನೂ ಬದುಕಲಿಲ್ಲ. ಆದರೂ ಸಾವಿರದ ಎಪ್ಪತ್ತು ವರ್ಷಗಳಾದ ಮೇಲೆ ಅದರ ಹೆಸರು ನಮಗೆ ಗೊತ್ತು. ತಕ್ಕೋಲದಲ್ಲಿ ಸತ್ತ ಸಾವಿರಾರು ಕಾಲಾಳುಗಳ ಹೆಸರು ಗೊತ್ತಿಲ್ಲ. ಉಳಿಯಬೇಕಾದುದು ಮೈಯಲ್ಲ, ಹೆಸರು ಎಂಬುದು ಆ ಕಾಲದ ನಮ್ಮ ಸೀಮೆಯ ಜನರ ಲೆಕ್ಕ. ಮೈಯನ್ನೇ ಉಳಿಸಿಕೊಳ್ಳುವ ಆಸೆ ಅವರ ಕಾಲದಲ್ಲಿ ಇರಲಿಲ್ಲವೆಂದಲ್ಲ, ಅದಕ್ಕೆ ಶಾಸ್ತ್ರವೇ ಇದ್ದಿತು. ಆದರೆ ಈ ಕಲ್ಲಿನ ಒಡೆಯರ ಮನೆತನಗಳಲ್ಲಿಯೇ ಮುಂದೆ ನಡೆದದ್ದನ್ನು ಗಮನಿಸಿರಿ. ಬೂತುಗನ ಮಗ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕಡೆಗೆ ರಾಜ್ಯವನ್ನು ಬಿಟ್ಟು, ಸುಮಾರು 975ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹ ಬಿಟ್ಟನು. ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಹಾಗೆಯೇ ಮಾಡಿದನು. ರಾಜವೈದ್ಯರನ್ನು ಸಾಕಬಲ್ಲವರೇ ಅನ್ನ ನೀರು ತೊರೆದು ಸಾವಿಗೆ ತಾವಾಗಿ ಬಾಗಿಲು ತೆರೆದರು. ಇದು ಸರಿಯೇ ತಪ್ಪೇ ಎಂದು ನಾನು ಹೇಳಲಾರೆ. ಪಾಠ ಹೇಳುವಾಗಲೂ ಈ ಭಾಗ ಬಂದಾಗ ನನ್ನ ದನಿ ತಗ್ಗುತ್ತಿತ್ತು.

ಇನ್ನು ಆ ಶಾಸ್ತ್ರದ ಮಾತು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಜ್ವರದಿಂದ ಮೊದಲಾಗುವುದಿಲ್ಲ. ಅದರ ಮೊದಲ ಅಧ್ಯಾಯವೇ ರಸಾಯನ, ಅಂದರೆ ಮುಪ್ಪನ್ನೂ ರೋಗವನ್ನೂ ದೂರವಿಡುವ ಚಿಕಿತ್ಸೆ. ಮುದುಕನಾದ ಚ್ಯವನ ಋಷಿ ನೆಲ್ಲಿಕಾಯಿಯ ಲೇಹ್ಯದಿಂದ ಮತ್ತೆ ತರುಣನಾದನೆಂದು ಅಲ್ಲಿ ಹೇಳಿದೆ. ಇಂದು ಅಂಗಡಿಯಲ್ಲಿ ಸಿಕ್ಕುವ ಚ್ಯವನಪ್ರಾಶದ ಹೆಸರು ಅಲ್ಲಿಂದ ಬಂದದ್ದು. ಒಂದರೊಳಗೊಂದು ಮೂರು ಆವರಣಗಳ ಕುಟಿಯನ್ನು ಕಟ್ಟಿಸಿ, ಗಾಳಿ ಬಿಸಿಲು ಸೋಕದಂತೆ ಅದರೊಳಗಿದ್ದು ಔಷಧ ಸೇವಿಸುವ ಕುಟೀಪ್ರಾವೇಶಿಕ ವಿಧಾನವನ್ನೂ ಚರಕನು ವಿವರಿಸುತ್ತಾನೆ. ಅದೇ ಅಧ್ಯಾಯದಲ್ಲಿಯೇ ಸತ್ಯ ನುಡಿಯುವವನು, ಕೋಪವಿಲ್ಲದವನು, ಹಿರಿಯರನ್ನು ಗೌರವಿಸುವವನು ನಿತ್ಯವೂ ರಸಾಯನವನ್ನು ಸೇವಿಸಿದವನಂತೆಯೇ ಎಂಬ ಅರ್ಥದ ಮಾತೂ ಇದೆ. ಅದನ್ನು ಮಾತ್ರ ಯಾರೂ ಡಬ್ಬಿಯಲ್ಲಿ ತುಂಬಿ ಮಾರುತ್ತಿಲ್ಲ.

ಈ ಆಸೆಗೆ ಕನ್ನಡದಲ್ಲಿ ದೊರೆತ ಅತ್ಯಂತ ದಿಟ್ಟ ಉತ್ತರ ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ ಎಂದು ನನ್ನ ಭಾವನೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿ ಹುಟ್ಟಿದ ಕಾವ್ಯವದು. ಗೋರಕ್ಷನು ಸಿದ್ಧಯೋಗಿ, ಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು. ಅಲ್ಲಮಪ್ರಭು ಎದುರಾದಾಗ, ಬೇಕಾದರೆ ಪರೀಕ್ಷಿಸು ಎಂದು ಕತ್ತಿಯನ್ನೇ ಅವನ ಕೈಗೆ ಕೊಡುತ್ತಾನೆ. ಅಲ್ಲಮನು ಬೀಸಿದ ಕತ್ತಿ ಗೋರಕ್ಷನ ಮೈಗೆ ತಗುಲಿ ಖಣಿಲೆಂದು ಸದ್ದು ಮಾಡುತ್ತದೆ, ಕೂದಲೂ ಕೊಂಕುವುದಿಲ್ಲ. ನೋಡುವವರಿಗೆ ಗೋರಕ್ಷನೇ ಗೆದ್ದಂತೆ. ಆದರೆ ಅಲ್ಲಮನು ಮೆಚ್ಚುವುದಿಲ್ಲ. ಸದ್ದು ಬಂದಿತೆಂದರೆ ಅಲ್ಲಿ ಇನ್ನೂ ದೇಹವಿದೆ, ದೇಹವೆಂಬ ಅಭಿಮಾನವಿದೆ ಎಂಬುದು ಅವನ ನಿಲುವು. ಬಳಿಕ ಗೋರಕ್ಷನು ಕತ್ತಿ ಬೀಸಿದಾಗ ಅದು ಬಯಲಲ್ಲಿ ಆಡಿದಂತೆ ಅಲ್ಲಮನ ಮೈಯೊಳಗೆ ಆಚೀಚೆ ಆಡುತ್ತದೆ. ತಗಲುವುದಕ್ಕೆ ಅಲ್ಲಿ ಏನೂ ಇಲ್ಲ. ಸಾವಿರ ವರ್ಷ ಬಾಳುವ ಮೈಯನ್ನು ಕಟ್ಟಿಕೊಂಡವನು, ಕಾಯುವುದಕ್ಕೆ ಮೈಯೇ ಇಲ್ಲದವನ ಮುಂದೆ ಶರಣಾದನು. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಇದು ಕಥೆ, ನಾನು ಹೇಳ್ತಿರೋದು ವಿಜ್ಞಾನ" ಎಂದನು. ಒಪ್ಪತಕ್ಕ ಮಾತೇ. ಆದುದರಿಂದ ವಿಜ್ಞಾನದ ಕಾಲಕ್ಕೇ ಬರೋಣ.

ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಮುಪ್ಪನ್ನು ತಡೆಯುತ್ತವೆಂದು ರಷ್ಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸಮಾಡಿದ ಮೆಚ್ನಿಕಾಫ್ ಎಂಬ ಮಹಾವಿಜ್ಞಾನಿ ಸಾರಿದರು. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು (ಅದು ಬೇರೆ ಸಂಶೋಧನೆಗೆ). ತಾವೂ ಹುಳಿಮೊಸರನ್ನು ತಪ್ಪದೆ ಸೇವಿಸಿದರು. 1916ರಲ್ಲಿ ತೀರಿಕೊಂಡಾಗ ಅವರಿಗೆ ಎಪ್ಪತ್ತೊಂದು. ಮುದ್ದೆಯ ಮೇಲೆ ಮಜ್ಜಿಗೆ ಕುಡಿದು ಅದಕ್ಕಿಂತ ಹೆಚ್ಚು ಬದುಕಿದವರು ನಮ್ಮ ಹೋಬಳಿಯಲ್ಲಿ ಎಷ್ಟು ಜನವಿಲ್ಲ! ಕೆಲವು ವರ್ಷಗಳ ಮೇಲೆ ಅದೇ ಪ್ಯಾರಿಸ್ಸಿನಲ್ಲಿ ವೊರೊನಾಫ್ ಎಂಬ ವೈದ್ಯ ಕೋತಿಯ ಗ್ರಂಥಿಗಳನ್ನು ಮುದುಕರಿಗೆ ಕಸಿಮಾಡಿ ಹಣವನ್ನೂ ಹೆಸರನ್ನೂ ಗಳಿಸಿದನು. ಕಡೆಗೆ ಎಲ್ಲವೂ ನಗೆಪಾಟಲಾಯಿತು.

ನಮ್ಮ ದೇಶದಲ್ಲಿ ಎಲ್ಲರ ಕಣ್ಣು ಸೆಳೆದ ಪ್ರಯೋಗ ನಡೆದದ್ದು 1938ರ ಆದಿಯಲ್ಲಿ. ಪ್ರಯೋಗಕ್ಕೆ ಒಳಗಾದವರು ಕಾಶಿ ಹಿಂದೂ ವಿಶ್ವವಿದ್ಯಾಲಯವನ್ನು ಕಟ್ಟಿದ ಪಂಡಿತ ಮದನಮೋಹನ ಮಾಳವೀಯರು. ಆ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಆದುದರಿಂದ ಮೈಸೂರಿನವರಿಗೂ ಅವರು ಹೊರಗಿನವರಲ್ಲ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಬಳಲಿದ್ದ ಮಾಳವೀಯರು ತಪಸೀಬಾಬಾ ಎಂಬ ಸಾಧುವಿನ ನಿರ್ದೇಶನದಂತೆ, ಚರಕನು ಹೇಳಿದ ಬಗೆಯ ಕತ್ತಲ ಕುಟಿಯೊಳಗೆ ಸುಮಾರು ನಲವತ್ತು ದಿನ ಇದ್ದು ಕಾಯಕಲ್ಪ ಮಾಡಿಸಿಕೊಂಡರು. ಹೊರಬಂದಾಗ ಚೈತನ್ಯ ಮರಳಿದೆಯೆಂದು ಪತ್ರಿಕೆಗಳು ಬರೆದವು. ಆದರೆ ಆ ಚೈತನ್ಯ ನಿಲ್ಲಲಿಲ್ಲ. 1939ರಲ್ಲಿ ವಿಶ್ವವಿದ್ಯಾಲಯದ ಹೊಣೆಯನ್ನು ಡಾ. ರಾಧಾಕೃಷ್ಣನ್ ವಹಿಸಿಕೊಂಡರು. ಮಾಳವೀಯರು 1946ರಲ್ಲಿ ಎಂಬತ್ತನಾಲ್ಕರ ವಯಸ್ಸಿನಲ್ಲಿ ನಿಧನರಾದರು. ಅದೇನೂ ಕಡಿಮೆ ಆಯುಸ್ಸಲ್ಲ, ಆದರೆ ಅದು ಕುಟಿಯ ಫಲವೆಂದು ಹೇಳಲಾಗದು.

ಅವರದೇ ವಾರಿಗೆಯವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಯಾವ ಕುಟಿಯನ್ನೂ ಹೊಗದೆ ನೂರು ದಾಟಿದರು. ತೊಂಬತ್ತರ ಹತ್ತಿರದಲ್ಲಿ, 1951ರಲ್ಲಿ, ತಮ್ಮ ಕಾರ್ಯಜೀವನದ ನೆನಪುಗಳ ಗ್ರಂಥವನ್ನು ಹೊರತಂದರು. ಮರುವರ್ಷ ಗಂಗಾನದಿಯ ಸೇತುವೆಯ ಸ್ಥಳ ನೋಡಲು ಬಿಹಾರಕ್ಕೆ ಹೋದರು. 1955ರಲ್ಲಿ ಭಾರತರತ್ನ, 1962ರ ಏಪ್ರಿಲಿನಲ್ಲಿ ನಿಧನ. ಮಿತವಾದ ಊಟ, ತಪ್ಪದ ನಡಿಗೆ, ಗಡಿಯಾರದಂಥ ದಿನಚರಿ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತ ಬಂದೆವು. ನಾನೂ ಹೇಳಿದೆ. ಆದರೆ ಅಷ್ಟೇ ಮಿತವಾಗಿ ಉಂಡು, ಅಷ್ಟೇ ನಡೆದು, ನಲವತ್ತಕ್ಕೆ ಸತ್ತವರು ಅವರ ಕಾಲದಲ್ಲಿ ಲಕ್ಷಗಟ್ಟಲೆ ಇದ್ದರೆಂಬುದನ್ನು ಹೇಳಲು ಮರೆತೆ. ಮಿತ ಊಟ ಆ ಬಡವರಿಗೆ ವ್ರತವಾಗಿರಲಿಲ್ಲ, ಗತಿಯಾಗಿತ್ತು.

ಸ್ವಾರಸ್ಯವೆಂದರೆ ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವೇ ಕೆಲವೆಡೆ 1860, ಕೆಲವೆಡೆ 1861 ಎಂದಿದೆ. ಅವರ ಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ಅಂಥವರದೇ ಹೀಗಾದರೆ ಉಳಿದವರ ಪಾಡೇನು? ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಲು ಬಂದ ತಂದೆತಾಯಿಗಳನ್ನು ಮಗು ಹುಟ್ಟಿದ ದಿನ ಕೇಳಿದರೆ, "ಆ ವರ್ಷ ಹೊಳೆ ಬಂದಿತ್ತು ಸ್ವಾಮಿ", "ಹುಚ್ಚೆಳ್ಳು ಹೂ ಬಿಟ್ಟಿತ್ತು" ಎನ್ನುತ್ತಿದ್ದರು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ಮುಟ್ಟಿದರೆ ಐದು ತುಂಬಿತೆಂದು ಬಗೆದು, ದಾಖಲಾತಿ ಪುಸ್ತಕದಲ್ಲಿ ಒಂದು ತಾರೀಕು ಬರೆಯುತ್ತಿದ್ದೆ. ನಿಮ್ಮಲ್ಲಿ ಅನೇಕರು ಇಂದು ಮಕ್ಕಳೊಡನೆ ಕೇಕ್ ಕತ್ತರಿಸುವ ಜನ್ಮದಿನ ನನ್ನ ಮಸಿಯ ಲೇಖನಿಯಿಂದ ಹುಟ್ಟಿದ್ದು! ನನ್ನದನ್ನು ನನ್ನ ಮೇಷ್ಟ್ರು ಹಾಗೆಯೇ ಬರೆದರು. ಅವರು ಒಂದು ವರ್ಷ ಹೆಚ್ಚು ಬರೆದರೆಂದು ನಮ್ಮವ್ವನ ದೂರು ಕಡೆಯವರೆಗೂ ಇತ್ತು. ಅದರಿಂದ ಒಂದು ವರ್ಷ ಮೊದಲೇ ನಿವೃತ್ತನಾದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ.

ಆದುದರಿಂದ ಅತಿ ದೀರ್ಘಾಯುಸ್ಸಿನ ಲೆಕ್ಕಗಳನ್ನು ಓದುವಾಗ ನಾನು ಸ್ವಲ್ಪ ತಡೆದು ಓದುತ್ತೇನೆ. ಪ್ರಪಂಚದಲ್ಲಿ ದಾಖಲೆಗಳಿಂದ ದೃಢಪಟ್ಟ ಅತಿ ಹೆಚ್ಚಿನ ಆಯುಸ್ಸು ಫ್ರಾನ್ಸಿನ ಜೀನ್ ಕಾಲ್ಮೆಂಟ್ ಎಂಬಾಕೆಯದು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ 122 ವರ್ಷ 164 ದಿನ. ಬೆಂಗಳೂರಿನ ವೇದವಿದ್ವಾಂಸ ಪಂಡಿತ ಸುಧಾಕರ ಚತುರ್ವೇದಿಗಳು 1897ರಲ್ಲಿ ಹುಟ್ಟಿದವರೆಂದು ಹೇಳಲಾಗುತ್ತಿತ್ತು. 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಲೆಕ್ಕ ನಿಜವಾದರೆ ಫ್ರಾನ್ಸಿನವಳನ್ನೂ ಮೀರಿದಂತಾಯಿತು. ಆದರೆ ಹುಟ್ಟಿದಾಗಿನ ಕಾಗದದ ಆಧಾರ ಬೇಡುವವರು ಅದನ್ನು ಪಟ್ಟಿಗೆ ಸೇರಿಸಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಿಂದ 2019ರ ವರೆಗೆ ನೂರಹನ್ನೊಂದು ವರ್ಷ ಬಾಳಿದರು. ಆ ವಯಸ್ಸನ್ನು ಎಣಿಸಿದವರಿಗಿಂತ, ಅವರ ಮಠದಲ್ಲಿ ಉಂಡು ಓದಿದ ಮಕ್ಕಳನ್ನು ಎಣಿಸಿದವರು ಹೆಚ್ಚು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನೂರಹದಿನಾಲ್ಕು ಎಂದರು. ಆ ತಾಯಿಯ ವಯಸ್ಸು ಒಂದೆರಡು ಹೆಚ್ಚು ಕಡಿಮೆಯಾದರೂ, ಹುಲಿಕಲ್ಲಿಗೂ ಕುದೂರಿಗೂ ನಡುವೆ ಅವರು ಗಂಡನೊಡನೆ ನೀರು ಹೊತ್ತು ಬೆಳೆಸಿದ ಆಲದ ಮರಗಳ ಲೆಕ್ಕವೇನೂ ತಪ್ಪುವುದಿಲ್ಲ.

ಹಾಗಾದರೆ ನಮ್ಮ ಜನರ ಆಯುಸ್ಸು ಬೆಳೆಯಲಿಲ್ಲವೇ? ಬೆಳೆಯಿತು, ಎರಡು ಪಟ್ಟಿಗಿಂತ ಹೆಚ್ಚು ಬೆಳೆಯಿತು. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ನಿರೀಕ್ಷಿತ ಆಯುಸ್ಸು ಮೂವತ್ತೆರಡು ವರ್ಷ. ಈಗ ಸುಮಾರು ಎಪ್ಪತ್ತು. ಅದನ್ನು ಸಾಧಿಸಿದ್ದು ವಜ್ರಕಾಯವಲ್ಲ. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಅರಮನೆಯ ಮೂವರು ಹೆಂಗಸರ ಚಿತ್ರ ಬರೆದನು. ಅದರಲ್ಲಿ ರಾಣಿಯೊಬ್ಬಳು ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ದೇವಿ ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತೋರಿಸಲು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿಂದ ನೂರ ಎಪ್ಪತ್ತು ವರ್ಷ ಹಿಡಿದು, 1975ರಲ್ಲಿ ದೇಶದ ಕೊನೆಯ ಸಿಡುಬು ಅಳಿಯಿತು. ಅರಮನೆಯಾದರೂ ಸಾವಿಗೆ ಹೊರತಲ್ಲ: ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದೇ ವರ್ಷ. ಗಂಟಲುಮಾರಿ, ಅಂದರೆ ಡಿಫ್ತೀರಿಯಾ. ಇಂದು ಅಂಗನವಾಡಿಯ ಕೂಸಿಗೆ ಬಿಟ್ಟಿಯಾಗಿ ಹಾಕುವ ಚುಚ್ಚುಮದ್ದು ಅಂದು ಮಹಾರಾಜರಿಗೂ ಸಿಕ್ಕುವಂತಿರಲಿಲ್ಲ.

ನಮ್ಮ ಮಂಡ್ಯ ಮದ್ದೂರು ಸೀಮೆಯ ಕಥೆ ಇನ್ನೂ ಬೇರೆ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದು ಬಂದಾಗ ಭತ್ತ ಬಂತು, ಕಬ್ಬು ಬಂತು, ಅವುಗಳ ಜೊತೆಗೆ ಸೊಳ್ಳೆಯೂ ಬಂತು. ಮಲೇರಿಯಾ ಬಲವಾಗಿ, ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದರ ಮೇಲೆ ಕೆಲಸ ಮಾಡಬೇಕಾಯಿತು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಶುರುವಾಯಿತು. ಹೆಗಲಿಗೆ ಪಂಪು ನೇತುಹಾಕಿಕೊಂಡು ಬಂದವರು ನಮ್ಮ ಮನೆಯ ಗೋಡೆಗೆಲ್ಲ ಡಿಡಿಟಿ ಹೊಡೆದದ್ದು, ಅವ್ವ ಮಡಕೆ ಕುಡಿಕೆಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು ಬೈಯುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಅವರು ನಮ್ಮೂರಿಗೆ ಬಂದದ್ದು ಅಕ್ಕ ಸತ್ತ ಮರುವರ್ಷ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಚಳಿಜ್ವರ. ದಿನ ಬಿಟ್ಟು ದಿನ ನಡುಕ ಹತ್ತುತ್ತಿತ್ತು. ಮನೆಯ ಕಂಬಳಿಗಳನ್ನೆಲ್ಲ ಹೊದಿಸಿ, ಸಾಲದೆ, ನನ್ನನ್ನು ಅವಳ ಮೇಲೆ ಮಲಗಿಸುತ್ತಿದ್ದರು. ಜ್ವರ ಬಿಟ್ಟ ದಿನ ಎದ್ದು ನನ್ನೊಡನೆ ಅಳಿಗುಳಿಮನೆ ಆಡುತ್ತಿದ್ದಳು. ಹುಣಿಸೆಬೀಜ ಕದಿಯುತ್ತಾನೆಂದು ನನ್ನ ಮೇಲೆ ದೂರುತ್ತಿದ್ದಳು, ಕದಿಯುತ್ತಿದ್ದೆನು ಕೂಡ. ಒಂದು ಮಧ್ಯಾಹ್ನ ನಡುಕ ನಿಂತಿತು, ಜ್ವರ ಇಳಿಯಿತೆಂದುಕೊಂಡು ನಾನು ಕೆಳಗಿಳಿದು ಆಡಲು ಹೋದೆ. ಅವ್ವ ಹೆತ್ತ ಏಳು ಮಕ್ಕಳಲ್ಲಿ ಉಳಿದವರು ಮೂವರು. ಉಳಿದ ಮೂವರು ಸತ್ತದ್ದು ನಾನು ಹುಟ್ಟುವ ಮುಂಚೆ. ಅಕ್ಕನದೊಂದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಅವಳು ಶಾಲೆಗೆ ಸೇರಲೇ ಇಲ್ಲ, ಆದ್ದರಿಂದ ಯಾವ ಮೇಷ್ಟ್ರೂ ಅವಳಿಗೆ ಜನ್ಮದಿನ ಬರೆಯಲಿಲ್ಲ. ಭಾವಚಿತ್ರವಿಲ್ಲ. ಊರ ಹೊರಗಿನ ಹೊಲದಲ್ಲಿ ಗುರುತಿಗೆ ಇಟ್ಟಿದ್ದ ಕಲ್ಲನ್ನು ಭೂಮಿ ಮಟ್ಟಮಾಡಿ ಗದ್ದೆ ಮಾಡಿದಾಗ ಯಾರೋ ಎತ್ತಿ ಬದುವಿಗೆ ಹಾಕಿದರು. ನಾಯಿಗೆ ಕಲ್ಲು ನೆಟ್ಟ ಊರು ನಮ್ಮದು ಎಂದು ಪ್ರವಾಸದಲ್ಲಿ ನಿಮಗೆ ಹೆಮ್ಮೆಯಿಂದ ಹೇಳುತ್ತಿದ್ದಾಗಲೆಲ್ಲ ನನಗೆ ಈ ಬದು ನೆನಪಾಗುತ್ತಿತ್ತು. ನಿಮಗೆ ಅದನ್ನೆಂದೂ ಹೇಳಲಿಲ್ಲ.

ಮೊಮ್ಮಗನು ಹೊರಡುವ ಹಿಂದಿನ ಸಂಜೆ ಇಬ್ಬರೂ ಗದ್ದೆಯ ಕಡೆ ನಡೆದು ಹೋಗಿದ್ದೆವು. ಅವನಿಗೆ ಇದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನೆ ನಡೆದನು. ಆಮೇಲೆ, "ಅವರ ಹೆಸರೇನು ತಾತ?" ಎಂದು ಕೇಳಿದನು. ಎಪ್ಪತ್ತು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ. ಅವನು ಕೈಫೋನಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟು, ನಡುವೆ ನಿಲ್ಲಿಸಿ, ಕನ್ನಡದಲ್ಲಿಯೇ ಬರೆಯುತ್ತೇನೆ ಎಂದು ಹುಡುಕಾಡಿ, ಒಂದೊಂದೇ ಅಕ್ಷರ ಒತ್ತಿ, ನನ್ನ ಮುಂದೆ ಹಿಡಿದನು. 'ಳ'ಕಾರದ ಬದಲು 'ಲ'ಕಾರ ಹಾಕಿದ್ದನು. ತಿದ್ದಿಸಿದೆ.

ಡಬ್ಬಿಯನ್ನು ನಮ್ಮ ವೈದ್ಯರಿಗೆ ತೋರಿಸಿದೆ. ನನ್ನ ರಕ್ತದೊತ್ತಡದ ಮಾತ್ರೆಯ ಜೊತೆಗೆ ಬೇಡ ಎಂದರು. ಅದು ಕಪಾಟಿನಲ್ಲಿದೆ. ಮುಂದಿನ ಬಾರಿ ಆತಗೂರು ಶಾಸನದಲ್ಲಿ ಬರುವ ನಾಡುಗಳ ಹೆಸರುಗಳ ಬಗ್ಗೆ ಬರೆಯಬೇಕೆಂದಿದ್ದೇನೆ. ಕಣ್ಣು ಒಪ್ಪಿದರೆ.